ಇನ್ನೊಂದು ಕಾಲು ಸುತ್ತು

ನಮ್ಮ ಮನೆಯಲ್ಲಿ ನಾನು ಮುಟ್ಟದ ಯಂತ್ರಗಳೆಲ್ಲ ದೀರ್ಘಾಯುಷಿಗಳು. ಅಜ್ಜಿಯ ಕಾಲದ ಹೊಲಿಗೆ ಮಿಷನ್ನು ಇವತ್ತಿಗೂ ಓಡುತ್ತಿದೆ. ನನ್ನ ಹೆಂಡತಿ ಅದರ ಎಣ್ಣೆ ಕುಪ್ಪಿಯನ್ನು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಿದ್ದಾಳೆ, ಅದಕ್ಕೆ. ಉಳಿದಂತೆ ಕುಕ್ಕರಿನ ಹಿಡಿ, ಬಚ್ಚಲಿನ ನಲ್ಲಿ, ಕನ್ನಡಕದ ಪುಟ್ಟ ಸ್ಕ್ರೂ, ಎಲ್ಲ ನನ್ನ ಕೈಯಿಂದಲೇ ಸದ್ಗತಿ ಪಡೆದವು. ಕೈಗಿರುವ ರೋಗ ಒಂದೇ. ಬಿಗಿಯಾಯಿತು ಎಂದು ಗೊತ್ತಾದ ಮೇಲೂ ‘ಯಾವುದಕ್ಕೂ ಇರಲಿ’ ಎಂದು ಇನ್ನೊಂದು ಕಾಲು ಸುತ್ತು ತಿರುಗಿಸುವುದು. ಆ ಕಾಲು ಸುತ್ತಿನಲ್ಲೇ ಥ್ರೆಡ್ಡು ಹೋಗುತ್ತದೆ. ಅಲ್ಲಿಯವರೆಗೆ ಗಟ್ಟಿಯಾಗಿ ಎದುರು ನಿಂತಿದ್ದ ಬೋಲ್ಟು ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಸಲೀಸಾಗಿ ತಿರುಗತೊಡಗುತ್ತದಲ್ಲ, ಆ ಗಳಿಗೆಯ ತಣ್ಣನೆಯ ಸಂಕಟ ಅನುಭವಿಸಿದವರಿಗೇ ಗೊತ್ತು.

ಎಲ್ಲಿ ನಿಲ್ಲಿಸಬೇಕೆಂದು ಕೈಗೆ ತಿಳಿಯುವ ವಿದ್ಯೆ ನಮ್ಮ ಕುಟುಂಬಕ್ಕೇ ಇರಲಿಲ್ಲವೆಂದಲ್ಲ. ಸೋದರಮಾವನಿಗೆ ಇತ್ತು. ಮನೆಯಲ್ಲಿ ಕೋಲವಿರಲಿ, ಗದ್ದೆಯಲ್ಲಿ ಯಕ್ಷಗಾನದ ಆಟವಿರಲಿ, ಗ್ಯಾಸ್‌ಲೈಟು ಹಚ್ಚುವ ಅಧಿಕಾರ ಮಾವನದ್ದು. ಪೆಟ್ರೋಮ್ಯಾಕ್ಸಿನ ಮ್ಯಾಂಟಲ್ ಎಂಬ ಬಿಳಿ ಚೀಲ ಒಮ್ಮೆ ಉರಿಯಿತೆಂದರೆ ಆಮೇಲೆ ಅದು ಬಟ್ಟೆಯಲ್ಲ. ನೂಲು ಸುಟ್ಟುಹೋಗಿ, ಅದಕ್ಕೆ ಹೀರಿಸಿದ್ದ ಥೋರಿಯಂ, ಸೀರಿಯಂ ಲವಣಗಳು ಬೂದಿಯ ಗೂಡಾಗಿ ನಿಂತು ಬೆಳಗುತ್ತಿರುತ್ತವೆ. ಬೆರಳು ತಾಗಿದರೆ ಪುಡಿ. 1885ರಲ್ಲಿ ಮ್ಯಾಂಟಲನ್ನು ಕಂಡುಹಿಡಿದ ಆಸ್ಟ್ರಿಯಾದ ಕಾರ್ಲ್ ಔವರ್‌ಗೆ ನಮ್ಮ ಗದ್ದೆಯ ಹುಣಿಗಳ ಅಂದಾಜು ಇದ್ದಿರಲಾರದು. ಮಾವ ಮಳೆಗಾಲದ ರಾತ್ರಿ, ಜಾರುವ ಹುಣಿಯ ಮೇಲೆ, ಆ ಬೂದಿಯ ಗೂಡನ್ನು ಉರಿಸಿಕೊಂಡೇ ಮನೆಯಿಂದ ಮನೆಗೆ ಒಯ್ಯುತ್ತಿದ್ದರು. ಅವರ ಕಾಲು ಜಾರಿದರೂ ಕೈ ಅಲುಗುತ್ತಿರಲಿಲ್ಲ. ಒಂದು ದಿನ ಮನಸ್ಸು ಕರಗಿ ನನಗೆ ಪಂಪು ಹೊಡೆಯಲು ಕೊಟ್ಟರು. “ಸಾಕು” ಅಂದರು. ನಾನು ಇನ್ನು ನಾಲ್ಕು ಹೊಡೆದೆ. ಅವತ್ತಿನ ಆಟವನ್ನು ಊರವರು ಅರ್ಧ ಗಂಟೆ ಕತ್ತಲೆಯಲ್ಲಿ ಕೇಳಿದರು.

ಕೆಲವರು ಬಸಳೆ ಬಳ್ಳಿ ನೆಟ್ಟರೆ ಹಬ್ಬುತ್ತದೆ, ಕೆಲವು ವೈದ್ಯರ ಕೈಯಿಂದ ಬರೀ ನೀರು ಕುಡಿದರೂ ಜ್ವರ ಇಳಿಯುತ್ತದೆ. ಅದಕ್ಕೆ ಕೈಗುಣ ಅನ್ನುತ್ತೇವೆ. ಕಬ್ಬಿಣಕ್ಕೂ ಅದು ಗೊತ್ತಾಗುತ್ತದೆ ಎಂದು ನಾನು ನಂಬಿದ್ದು ನಂದಿಕೂರಿಗೆ ಮಾಷ್ಟ್ರಾಗಿ ಬಂದ ಮೇಲೆ.

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ಹಂಚಿನ ಮಾಡಿನ ಒಂದು ಗ್ಯಾರೇಜು. ಯಜಮಾನರು ಊರಿಗೆಲ್ಲ ಅಣ್ಣ, ಅವರಿಗಿಂತ ಹಿರಿಯರಿಗೂ ಅಣ್ಣ. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ತವರಿಲ್ಲದ ಹೆಣ್ಣಾಯಿತು. ಅದಕ್ಕೆ ಕಿಕ್ಕರೂ ಗೇರೂ ಒಂದೇ ಲಿವರು. ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಮಡಚಿ ಗೇರು ಹಾಕಬೇಕು. ಕನ್ನಡ ಮಾಷ್ಟ್ರಿಗೆ ಸಮಾಜವನ್ನೂ ಕೊಟ್ಟ ಹಾಗೆ. ಅದಕ್ಕೇ ಇರಬೇಕು ನನಗೂ ಅದಕ್ಕೂ ಹೊಂದಾಣಿಕೆಯಾದದ್ದು.

ಅಣ್ಣ ಗಾಡಿ ಮುಟ್ಟುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರು. ಅಡ್ವೆ-ನಂದಿಕೂರಿನ ಕಂಬಳದಲ್ಲಿ ಓಟ ಶುರುವಾಗುವ ಗಂತಿನ ಹತ್ತಿರ ನಿಂತು ಕೋಣಗಳ ಬೆನ್ನು ನೋಡುವುದೂ ಹೀಗೆಯೇ. ಯಾವ ಜೋಡಿ ಇವತ್ತು ಓಡುವುದಿಲ್ಲ ಎಂದು ಓಟಕ್ಕೆ ಮೊದಲೇ ಹೇಳಿಬಿಡುತ್ತಿದ್ದರು. (ಯಾವುದು ಗೆಲ್ಲುತ್ತದೆ ಎಂದು ಮಾತ್ರ ಎಂದೂ ಹೇಳಿದವರಲ್ಲ. ಆ ಮಟ್ಟಿಗೆ ಜಾಣರು.) ನಮ್ಮದು ಕಡಲ ಗಾಳಿಯ ಸೀಮೆ, ನಟ್ಟುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ನಾನಾದರೆ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನೇತಾಡುತ್ತಿದ್ದೆ. ಅಣ್ಣ ಸೀಮೆಎಣ್ಣೆ ಬಿಟ್ಟು ಚಾ ಕುಡಿಯಲು ಹೋಗುವರು. ಬಂದ ಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೇ ತಿರುಗಿಸುವರು, ಆಮೇಲೆ ಬಿಚ್ಚುವರು. “ಸಿಟ್ಟಲ್ಲಿದ್ದವರ ಹತ್ರ ಮೊದಲು ಹೌದು ಹೌದು ಹೇಳ್ಬೇಕು ಮಾಷ್ಟ್ರೇ.”

ಸ್ಪಾರ್ಕ್ ಪ್ಲಗ್ ಹಾಕುವಾಗಲೂ ಅಷ್ಟೆ. ಹೆಡ್ಡು ಅಲ್ಯೂಮಿನಿಯಂ, ಪ್ಲಗ್ಗು ಉಕ್ಕು. ಓರೆಯಾಗಿ ಕೂತರೆ ಉಕ್ಕು ಗೆಲ್ಲುತ್ತದೆ, ಹೆಡ್ಡು ಸಾಯುತ್ತದೆ. ಅಣ್ಣ ಪ್ಲಗ್ಗನ್ನು ಬೆರಳಲ್ಲಿ ಹಿಡಿದು ಮೊದಲು ಹಿಂದಕ್ಕೆ ತಿರುಗಿಸುತ್ತಿದ್ದರು. ಎಲ್ಲೋ ಒಂದು ಕಡೆ ಸಣ್ಣಗೆ ‘ಟಕ್’ ಎಂದು ಇಳಿಯುತ್ತದಂತೆ, ಅದೇ ಥ್ರೆಡ್ಡಿನ ಬಾಯಿ. ಅಲ್ಲಿಂದ ಮುಂದಕ್ಕೆ. ನನಗೆ ಆ ಟಕ್ ಇಪ್ಪತ್ತು ವರ್ಷ ಸಿಗಲಿಲ್ಲ.

ಕಿಡಿ ಹಾರಿಸುವ ಪಾಯಿಂಟಿನ ಗ್ಯಾಪ್ ಇಡಲು ಅವರ ಹತ್ತಿರ ಇದ್ದ ಗೇಜು ನನ್ನ ಮದುವೆ ಕಾಗದ. ಆ ಗ್ಯಾಪು ಬೇಕಾದದ್ದು ಹೆಚ್ಚುಕಡಿಮೆ 0.4 ಮಿಲಿಮೀಟರು. ನಾನು ಸಂಭ್ರಮದಿಂದ ಕೊಟ್ಟ ಕಾಗದವನ್ನು ಅಣ್ಣ ತೆರೆದೂ ನೋಡದೆ ಎರಡು ಬೆರಳ ನಡುವೆ ಉಜ್ಜಿ, “ದಪ್ಪ ಸರಿ ಉಂಟು” ಎಂದರು. ಮದುವೆಗೆ ಬಂದು ಊಟ ಮಾಡಿ ಹೋದರು, ಮರುದಿನ ಕಾಗದವನ್ನು ಕತ್ತರಿಸಿದರು. ಕತ್ತರಿ ಬಿದ್ದದ್ದು ಸರಿಯಾಗಿ ನಮ್ಮಿಬ್ಬರ ಹೆಸರಿದ್ದ ಜಾಗದ ಸುತ್ತ. ಹಾಗಾಗಿ ನಂದಿಕೂರಿನ ಎಷ್ಟೋ ಬೈಕುಗಳ ಕಿಡಿಗೆ ನಾವು ದಂಪತಿ ಕಾರಣ.

ಪಕ್ಕದ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕಗಳ ವಿದ್ಯುತ್ ಸ್ಥಾವರ ಬಂದ ಮೇಲೆ ಗ್ಯಾರೇಜಿಗೆ ಹೊಸ ಗಿರಾಕಿಗಳಾದರು. ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನುಗಳ ವಿಷಯ ಗೊತ್ತಿದ್ದ ಹುಡುಗರು. ಅವರಲ್ಲೊಬ್ಬ ಟಾರ್ಕ್ ರೆಂಚ್ ತಂದ. ಇಂತಿಷ್ಟು ಬಿಗಿ ಎಂದು ಅಂಕಿ ಇಟ್ಟರೆ ಅಷ್ಟಾದಾಗ ಟಕ್ ಎಂದು ಹೇಳುವ ಸಾಧನ. 6 ಮಿಲಿಮೀಟರಿನ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಅಂದರೆ ಮುಕ್ಕಾಲು ಗೇಣು ಉದ್ದದ ಸ್ಪ್ಯಾನರಿನ ತುದಿಯಲ್ಲಿ ಆರೇಳು ಕಿಲೋ ತೂಗಿದಷ್ಟು. ಅಣ್ಣ ಕೈಯಲ್ಲಿ ಬಿಗಿದ ಬೋಲ್ಟುಗಳನ್ನು ಹುಡುಗ ಅಳೆದ. ಎಲ್ಲ ಹತ್ತರ ಆಸುಪಾಸು. ಆಮೇಲೆ, ಯಾರೂ ಕೇಳದಿದ್ದರೂ, ನಾನು ಬಿಗಿದ ಒಂದನ್ನೂ ಅಳೆದ. ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ.

ಅಣ್ಣ ರೆಂಚನ್ನು ಮೆಚ್ಚಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ, “ಬೋಲ್ಟಿಗೆ ತುಕ್ಕು ಉಂಟಾ, ಎಣ್ಣೆ ಉಂಟಾ, ಇದಕ್ಕೆ ಗೊತ್ತಾಗ್ತದಾ?” ಎಂದು ಕೇಳಿದರು. ಹುಡುಗ ಸ್ವಲ್ಪ ಯೋಚಿಸಿ, ಇಲ್ಲ ಎಂದ. ನಾವು ಹಾಕುವ ಬಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಉಜ್ಜುವಿಕೆಯಲ್ಲೇ ಮುಗಿಯುತ್ತದೆ, ಬೋಲ್ಟನ್ನು ಸ್ಪ್ರಿಂಗಿನಂತೆ ಎಳೆದು ಹಿಡಿಯುವುದು ಉಳಿದ ಹತ್ತರಷ್ಟೇ ಎಂದು ಅವನೇ ವಿವರಿಸಿದ. ಅಣ್ಣ ಅವನಿಗೆ ಗೋಲಿ ಸೋಡಾ ತರಿಸಿದರು. ನನಗೆ ಅಂದು ಇನ್ನೊಂದು ಗುಟ್ಟು ತಿಳಿಯಿತು: ಸಣ್ಣ ನಟ್ಟಿನ ಸ್ಪ್ಯಾನರು ಗಿಡ್ಡ, ದೊಡ್ಡದರದ್ದು ಉದ್ದ. ಕೈ ಎಷ್ಟು ಬಲ ಹಾಕೀತು ಎಂದು ಮೊದಲೇ ಅಂದಾಜು ಮಾಡಿ ಇಟ್ಟ ಉದ್ದ ಅದು. ಅದನ್ನು ಮಾಡಿದವನು ನನ್ನಂಥವರನ್ನು ನೋಡಿಯೇ ಮಾಡಿರಬೇಕು. ಪೈಪು ಸಿಕ್ಕಿಸುವವನನ್ನು ಮಾತ್ರ ಊಹಿಸಿರಲಿಲ್ಲ.

2020ರ ಏಪ್ರಿಲಿನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂತು. ಹೊಸ ಗಾಡಿಗಳಲ್ಲಿ ಕಾರ್ಬುರೇಟರ್ ಹೆಚ್ಚುಕಡಿಮೆ ಇಲ್ಲವಾಯಿತು, ಪಾಯಿಂಟು ಎಂದೋ ಹೋಗಿತ್ತು. ಗಾಡಿಗೆ ವಯರು ಸಿಕ್ಕಿಸಿ ಪರದೆ ನೋಡುವ ಕಾಲ. ಅಣ್ಣನಿಗೆ ಅದರ ಬಗ್ಗೆ ದೂರಿರಲಿಲ್ಲ. ಅವರ ತೊಂದರೆ ಬೇರೆ. ಶುಗರು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕೆಲಸ ಮಾಡಿ ಬೆರಳ ತುದಿಗಳನ್ನು ಜೋಮು ಹಿಡಿಸಿತ್ತು. ಚಾದ ಗ್ಲಾಸು ಬಿಸಿಯೋ ತಣ್ಣಗೋ ತುಟಿಗೆ ಇಟ್ಟ ಮೇಲೆಯೇ ತಿಳಿಯುವುದು.

ಕಳೆದ ಸಲ ಹೋದಾಗ ಗ್ಯಾರೇಜಿನಲ್ಲಿ ನಾವಿಬ್ಬರೇ. ಪ್ಲಗ್ಗು ಬಿಚ್ಚಿ, ಉಜ್ಜಿ, ನನ್ನ ಕೈಗೆ ಕೊಟ್ಟರು.

“ನೀವೇ ಹಾಕಿ.”

“ನಾನಾ? ಬೇಡ ಅಣ್ಣ. ಹೆಡ್ಡು ಹೋದರೆ?”

“ನಂಗೆ ಬೆರಳಿಗೆ ಸಿಕ್ಕುದಿಲ್ಲ ಮಾರಾಯ್ರೆ. ಹಾಕಿ. ಹಿಂದಕ್ಕೆ ತಿರುಗಿಸಿ ಮೊದಲು.”

ಹಿಂದಕ್ಕೆ ತಿರುಗಿಸಿದೆ. ಏನೂ ಇಲ್ಲ. ಇನ್ನೂ ತಿರುಗಿಸಿದೆ. ಅವರು ಪ್ಲಗ್ಗನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದರು. ಒಂದು ಕಡೆ, ಕತ್ತಲೆಯಲ್ಲಿ ಮೆಟ್ಟಿಲು ಮುಗಿದದ್ದು ಕಾಲಿಗೆ ತಿಳಿಯುವ ಹಾಗೆ, ಬೆರಳ ಕೆಳಗೆ ಏನೋ ಚೂರು ಇಳಿಯಿತು. ನಾನು ಬಾಯಿ ತೆರೆಯುವ ಮೊದಲೇ ಅವರು, “ಹ್ಞಾಂ, ಅದೇ” ಅಂದರು.

ಮುಂದಕ್ಕೆ ಬೆರಳಲ್ಲೇ ಹೋಯಿತು, ಕೊನೆಗೆ ಸ್ಪ್ಯಾನರು. “ಸಾಕು” ಎಂದರು. ನಿಲ್ಲಿಸಿದೆ. ಅಂಗೈ ಕಡಿಯುತ್ತಿತ್ತು. ಅವರಿಗೆ ಗೊತ್ತಾಗದೆ ಇರುತ್ತದೆಯೇ, “ಕೈ ತೊಳೆದು ಬನ್ನಿ” ಎಂದು ಹಿಂದಿನ ಬಾವಿಕಟ್ಟೆಗೆ ಅಟ್ಟಿದರು.

ಮನೆಗೆ ಹೊರಟವನು ರೈಲು ಹಳಿಯ ಹತ್ತಿರ ನಿಲ್ಲಿಸಿದೆ. ಸುರತ್ಕಲ್ ಕಡೆಯಿಂದ ರೋರೋ ರೈಲು ಬರುತ್ತಿತ್ತು. ಬೆನ್ನ ಮೇಲೆ ಸಾಲು ಲಾರಿಗಳು, ಇಂಜಿನ್ ಬಂದ್ ಮಾಡಿ, ಗೂಡಿನಲ್ಲಿ ಕಾಲು ಚಾಚಿ ಕೂತ ಡ್ರೈವರುಗಳು. ಕೊನೆಯ ಲಾರಿ ದಾಟುವವರೆಗೂ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಮಳೆಗಾಲ ಬೇರೆ, ಪ್ಲಗ್ಗು ಸಡಿಲವಾಗಿಬಿಟ್ಟರೆ? ಒಂದೇ ಒಂದು ಕಾಲು ಸುತ್ತು. ಪಕ್ಕದ ಟೂಲ್ ಬಾಕ್ಸ್ ತೆರೆದೆ.

ಪ್ಲಗ್ ಸ್ಪ್ಯಾನರು ಇರಲಿಲ್ಲ. ಅದರ ಜಾಗದಲ್ಲಿ ನಮ್ಮ ಮದುವೆ ಕಾಗದದ ತುಂಡಿತ್ತು. ಗ್ರೀಸು ಹತ್ತಿ ನನ್ನ ಹೆಸರು ಪೂರ್ತಿ ಅಳಿಸಿತ್ತು. ಹೆಂಡತಿಯದನ್ನು ಓದಬಹುದಿತ್ತು.