ಗುಡ್ಡ ಜರಿಯುತ್ತಿತ್ತು, ಸೆಲ್ಫ್ ‘ಟಕ್’ ಅನ್ನುತ್ತಿತ್ತು

ಟಕ್.

ಅಷ್ಟೇ. ಕೀ ಪೂರ್ತಿ ತಿರುಗಿದೆ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಉರಿಯುತ್ತಿವೆ, ಎಂಜಿನ್ ಮಾತ್ರ ಮಿಸುಕಲಿಲ್ಲ. ಮುಂದಿದ್ದ ಬಸ್ಸು ಆಗಲೇ ತಿರುವು ದಾಟಿ ಚಾರ್ಮಾಡಿಯ ಮಂಜಿನಲ್ಲಿ ಮಾಯವಾಗಿತ್ತು. ರಸ್ತೆಗೆ ಅಡ್ಡ ಬಿದ್ದ ಮರವನ್ನು ಕಡಿದು ಸರಿಸುವವರೆಗೆ ಎಲ್ಲರೂ ಗಾಡಿ ಆಫ್ ಮಾಡಿ ಕಾದಿದ್ದೆವು. ದಾರಿ ಬಿಟ್ಟ ಕೂಡಲೇ ಮುಂದಿನವರು ಹೊರಟರು. ಸಾಲಿನಲ್ಲಿ ಕೊನೆಯವರು ನಾವು. ಹಿಂದೆ ಒಂದೂ ಬೆಳಕಿಲ್ಲ. ಜುಲೈ ಮಳೆ, ರಾತ್ರಿ, ಮೊಬೈಲಿಗೆ ನೆಟ್‌ವರ್ಕ್ ಇಲ್ಲ.

ಮತ್ತೆ ಕೀ. ಟಕ್.

ಬಲಕ್ಕೆ ಕಣಿವೆ, ಎಡಕ್ಕೆ ರಸ್ತೆಗಾಗಿ ಕಡಿದ ಗುಡ್ಡ. ಆ ಗುಡ್ಡದಿಂದ ಇಳಿಯುತ್ತಿದ್ದ ನೀರು ಹೆಡ್‌ಲೈಟಿನ ಬೆಳಕಿನಲ್ಲಿ ಕೆಂಪಗೆ ಕಂಡಿತು. ನೀರಿನ ಜೊತೆ ಸಣ್ಣ ಕಲ್ಲುಗಳು ಉರುಳಿ ಬಾನೆಟ್ ಮೇಲೆ ಬೀಳತೊಡಗಿದವು. 2019ರ ಆಗಸ್ಟಿನಲ್ಲಿ ಇದೇ ಘಾಟಿ ಹಲವು ಕಡೆ ಕುಸಿದು ರಸ್ತೆ ಬಂದ್ ಆಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿಗೆ ಮಣ್ಣಿನ ಬಣ್ಣ ಬಂದು, ಅದರ ಬೆನ್ನಿಗೇ ಕಲ್ಲು ಬರತೊಡಗಿತೆಂದರೆ ಮೇಲಿನ ನೆಲ ಹಿಡಿತ ಕಳೆದುಕೊಳ್ಳುತ್ತಿದೆ.

ಪಕ್ಕದಲ್ಲಿ ಚಿಕ್ಕಪ್ಪ. ಮಂಗಳೂರಿನಲ್ಲಿ ಮಂಡಿ ಆಪರೇಷನ್ ಮುಗಿಸಿಕೊಂಡು ಮೂಡಿಗೆರೆಗೆ ವಾಪಸಾಗುತ್ತಿದ್ದರು. ಕಾಲು ಚಾಚಿಯೇ ಕೂರಬೇಕು, ವಾಕರ್ ಇಲ್ಲದೆ ಒಂದು ಹೆಜ್ಜೆ ಇಡುವ ಹಾಗಿಲ್ಲ. ಅವರನ್ನು ಆ ಮಳೆಯಲ್ಲಿ ಏರುದಾರಿಯಲ್ಲಿ ನಡೆಸುವ ಮಾತೇ ಇಲ್ಲ. ಇಬ್ಬರೂ ಅಲ್ಲಿಂದ ಪಾರಾಗಬೇಕಾದರೆ ಗಾಡಿಯೇ ಹೊರಡಬೇಕು.

“ಹಿಂದಕ್ಕೆ ಬಿಟ್ಟು, ರಿವರ್ಸ್ ಗೇರಲ್ಲಿ ಕ್ಲಚ್ ಬಿಟ್ಟು ನೋಡ್ಲಾ ಚಿಕ್ಕಪ್ಪ?”

“ಬೇಡ. ಎಂಜಿನ್ ಓಡದೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿ ಆಗ್ತದೆ. ಹಿಂದೆ ತಿರುವು ಎಲ್ಲಿದೆ ಅಂತ ನಂಗೂ ಕಾಣಲ್ಲ, ನಿಂಗೂ ಕಾಣಲ್ಲ. ಹ್ಯಾಂಡ್ ಬ್ರೇಕ್ ಎಳಿ, ಇಳಿದು ಚಕ್ರಕ್ಕೆ ಕಲ್ಲು ಕೊಡು. ಆಮೇಲೆ ಶಬ್ದ ಕೇಳೋಣ.”

ಹರೆಯದಲ್ಲಿ ಎಸ್ಟೇಟ್ ಜೀಪು ಓಡಿಸಿದ ಮನುಷ್ಯ. ಅವರ ದನಿಯಲ್ಲಿ ಗಾಬರಿ ಇರಲಿಲ್ಲ, ಅವಸರ ಇತ್ತು. ನಾನು ಇಳಿದೆ. ಎರಡೇ ನಿಮಿಷದಲ್ಲಿ ಬೆನ್ನಿನವರೆಗೂ ತೊಯ್ದುಹೋದೆ. ಗುಡ್ಡದಿಂದ ಬಿದ್ದ ಕಲ್ಲುಗಳನ್ನೇ ಆರಿಸಿ ಹಿಂದಿನ ಚಕ್ರಗಳಿಗೆ ಒತ್ತಿದೆ, ಗೇರ್ ನ್ಯೂಟ್ರಲ್ ಮಾಡಿದೆ, ಬಾನೆಟ್ ಎತ್ತಿದೆ. ಚಿಕ್ಕಪ್ಪ ಎಡಗಡೆ ಸೀಟಿನಿಂದಲೇ ಬಗ್ಗಿ ಕೀ ಹಿಡಿದರು.

“ತಿರುಗ್ಸಿ!”

ಟಕ್. ಒಂದೇ ಸಲ, ಗಟ್ಟಿಯಾಗಿ.

ಇದೇ ಶಬ್ದ ‘ಟಿಕಿ ಟಿಕಿ ಟಿಕಿ’ ಎಂದು ಬಂದಿದ್ದರೆ ಬ್ಯಾಟರಿ ಸೋತಿದೆ ಅಂತ ಹೆಚ್ಚುಕಡಿಮೆ ತೀರ್ಮಾನಿಸಬಹುದಿತ್ತು. ಸೆಲ್ಫ್ ಮೋಟರಿನ ಬೆನ್ನ ಮೇಲೆ ಕೂತ ಸೊಲೆನಾಯ್ಡಿನ ಕೆಲಸ ಎರಡು: ಹಲ್ಲಿನ ಗೇರನ್ನು ಫ್ಲೈವೀಲಿಗೆ ತಳ್ಳುವುದು, ಎರಡು ದಪ್ಪ ತಾಮ್ರದ ಬೋಲ್ಟುಗಳನ್ನು ಜೋಡಿಸಿ ಮೋಟರಿಗೆ ಕರೆಂಟ್ ಬಿಡುವುದು. ಬ್ಯಾಟರಿ ಸೋತಿದ್ದರೆ ಮೋಟರ್ ಕರೆಂಟ್ ಎಳೆದ ಕ್ಷಣವೇ ವೋಲ್ಟೇಜ್ ಕುಸಿದು ಸೊಲೆನಾಯ್ಡಿನ ಹಿಡಿತ ತಪ್ಪುತ್ತದೆ. ತಪ್ಪಿದ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ. ಆ ಪಟಪಟ ಶಬ್ದ ಬರುವುದು ಹಾಗೆ. ನಮ್ಮದು ಒಂದೇ ‘ಟಕ್’. ಸೊಲೆನಾಯ್ಡ್ ಎಳೆದಿದೆ, ಹಿಡಿದೂ ಇದೆ. ಅಲ್ಲಿಂದ ಮುಂದೆ ಏನೋ ಆಗುತ್ತಿಲ್ಲ.

ಮೇಲೆಲ್ಲೋ ಮರದ ಬೇರು ಕಿತ್ತ ಶಬ್ದ. ತಲೆಯೆತ್ತಿ ನೋಡಿದರೆ ಮಂಜು ಬಿಟ್ಟು ಏನೂ ಇಲ್ಲ.

ಇನ್ನೊಂದು ಭಯವೂ ತಲೆಯಲ್ಲಿತ್ತು. ಘಾಟಿಯ ಬುಡದಲ್ಲಿ ರಸ್ತೆ ಮೇಲೆ ಹರಿಯುತ್ತಿದ್ದ ನೀರನ್ನು ದಾಟಿ ಬಂದಿದ್ದೆವು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ? ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಪಿಸ್ಟನ್ ನಡುದಾರಿಯಲ್ಲೇ ನಿಲ್ಲುತ್ತದೆ. ಅಂಥ ಎಂಜಿನ್ನನ್ನು ಬಲವಂತ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯ. ಹಾಗಾದರೆ ಕೀ ಮುಟ್ಟುವುದೇ ತಪ್ಪು.

“ಹೆಡ್‌ಲೈಟ್ ನೋಡ್ಕೊಂಡು ಹೇಳು, ಈಗ ತಿರುಗಿಸ್ತೀನಿ,” ಚಿಕ್ಕಪ್ಪ ಕೂಗಿದರು.

ಟಕ್. ಹೆಡ್‌ಲೈಟ್ ಕುಗ್ಗಲಿಲ್ಲ. ಗುಡ್ಡದ ಮೇಲೆ ಬಿದ್ದ ಬೆಳಕು ಇದ್ದ ಹಾಗೇ ಇತ್ತು.

ಆ ಒಂದು ನೋಟ ಅರ್ಧ ಅನುಮಾನಗಳನ್ನು ಅಳಿಸಿಹಾಕಿತು. ಎಂಜಿನ್ ಬಿಗಿದುಕೊಂಡಿದ್ದರೆ, ನೀರು ಹೊಕ್ಕಿದ್ದರೆ, ಮೋಟರ್ ತಿರುಗಲಾರದೆ ಬ್ಯಾಟರಿಯ ಕಸುವನ್ನೆಲ್ಲ ಎಳೆದು ಹೆಡ್‌ಲೈಟನ್ನು ಮಂಕಾಗಿಸುತ್ತಿತ್ತು. ಬ್ಯಾಟರಿ ಸತ್ತಿದ್ದರೂ ಬೆಳಕು ಕುಸಿಯುತ್ತಿತ್ತು. ಕುಗ್ಗಲಿಲ್ಲ ಅಂದರೆ ಮೋಟರಿಗೆ ಬೇಕಾದ ಕರೆಂಟ್ ಹೊರಟೇ ಇಲ್ಲ. ಎಂಜಿನ್ ಚೆನ್ನಾಗಿದೆ. ದಾರಿ ಕಟ್ಟಾಗಿದೆ. ಎಲ್ಲಿ?

ಮೊದಲು ಬ್ಯಾಟರಿ ಟರ್ಮಿನಲ್. ಎರಡನ್ನೂ ಕೈಯಿಂದ ತಿರುಚಿ ನೋಡಿದೆ. ಪ್ಲಸ್ ಕಡೆಯದು ಒಂದಿಷ್ಟು ಅಲುಗಿತು, ಬುಡದಲ್ಲಿ ಬಿಳಿ ಪುಡಿಯೂ ಇತ್ತು. ಮೊದಲು ಮೈನಸ್ ಬಿಚ್ಚಿದೆ. ಪಾನಾ ಜಾರಿ ಬಾಡಿಗೆ ತಗುಲಿದರೂ ಕಿಡಿ ಹಾರದಿರಲಿ ಅಂತ. ಚಾಕುವಿನ ತುದಿಯಲ್ಲಿ ಸೀಸ ಹೊಳೆಯುವವರೆಗೆ ಕೆರೆದೆ, 10 ನಂಬರ್ ಪಾನಾ ಹಾಕಿ ಬಿಗಿದೆ. ಬೆರಳು ಮರಗಟ್ಟಿ ನಟ್ಟು ಸಿಗುತ್ತಿಲ್ಲ. ಅಷ್ಟರಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದು ಬಂದು ಎಡಗಡೆಯ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು.

“ತಿರುಗ್ಸಿ!” ಟಕ್.

“ಕಾರ್ಬನ್ ಇರಬೇಕು. ಮೋಟರಿಗೆ ಎರಡೇಟು ಹಾಕು, ನಾನು ಕೀ ಹಿಡ್ಕೊಂಡಿರ್ತೀನಿ.”

ಸವೆದ ಕಾರ್ಬನ್ ಬ್ರಷ್ ಆರ್ಮೇಚರಿಗೆ ತಾಗದೆ ನಿಂತಿದ್ದರೆ ಒಂದು ಏಟಿಗೆ ಜರುಗಿ ಕೂರುತ್ತದೆ. ಎಷ್ಟೋ ಗಾಡಿಗಳು ಆ ಒಂದು ಏಟಿನಲ್ಲಿ ಮನೆ ಸೇರಿವೆ. ಗೇರ್‌ಬಾಕ್ಸಿನ ಪಕ್ಕ ಕೈ ತೂರಿಸಿ ವೀಲ್ ಪಾನಾದಿಂದ ಮೋಟರಿನ ಮೈಗೆ ಬಡಿದೆ. ಟಕ್. ಇನ್ನೊಂದು. ಟಕ್. ಏನೂ ಇಲ್ಲ.

ಹಳೇ ಜೀಪಾಗಿದ್ದರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದಿತ್ತು, ಮಣಿಕಟ್ಟು ಮುರಿದರೂ ಸರಿ. ಆ ಹ್ಯಾಂಡಲಿನಿಂದ ಲೋಕವನ್ನು ಬಿಡಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್; ಅವನ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಮೋಟರ್ ಕೂರಿಸುತ್ತಿದ್ದಾಗಲೇ ಅವನಿಗೆ ಒಂದು ವಿಷಯ ಹೊಳೆದಿತ್ತು: ಕೆಲವೇ ಸೆಕೆಂಡು ದುಡಿಯುವ ಮೋಟರ್ ಚಿಕ್ಕದಿದ್ದರೂ ಪರವಾಗಿಲ್ಲ, ಆ ಸೆಕೆಂಡುಗಳಲ್ಲಿ ಅದಕ್ಕೆ ಅಳತೆ ಮೀರಿ ಕರೆಂಟ್ ಕೊಡಬಹುದು. ಇವತ್ತಿಗೂ ಸೆಲ್ಫ್ ನಡೆಯುವುದು ಇದೇ ಲೆಕ್ಕದಲ್ಲಿ. ಹೆಡ್‌ಲೈಟ್ ಎರಡೂ ಸೇರಿ 10 ಆಂಪಿಯರ್ ಆಸುಪಾಸು ತಿಂದರೆ, ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ 100ಕ್ಕೂ ಮೀರಿ ಎಳೆಯುತ್ತದೆ. ದಾರಿಯ ಒಂದು ಜಾಯಿಂಟಿನಲ್ಲಿ ಬರೀ 0.1 ಓಮ್ ಅಡ್ಡಿ ಇದ್ದರೂ 100 ಆಂಪಿಯರ್ ಹರಿಯುವಾಗ ಅಲ್ಲೇ 10 ವೋಲ್ಟ್ ಹೋಗಿಬಿಡುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಮಿಕ್ಕಿದ್ದೇನು?

ಧಡ್! ನಮ್ಮ ಮುಂದೆ, ಕಾರಿನ ಉದ್ದದಷ್ಟು ದೂರದಲ್ಲಿ, ಗುಡ್ಡದ ಒಂದು ಹೋಳು ರಸ್ತೆಗೆ ಕುಸಿಯಿತು. ಮಣ್ಣು, ಬೇರು, ಒಂದು ಇಡೀ ಪೊದೆ. ರಸ್ತೆಯ ಎಡ ಅರ್ಧ ಮುಚ್ಚಿತು. ಕೆಸರು ಸಿಡಿದು ಹೆಡ್‌ಲೈಟಿಗೇ ಬಡಿಯಿತು.

“ನೀನು ಓಡು. ತಿರುವು ದಾಟಿ ನಿಲ್ಲು,” ಚಿಕ್ಕಪ್ಪ ಅಂದರು.

“ಸುಮ್ನಿರಿ ಚಿಕ್ಕಪ್ಪ! ಕೀ ತಿರುಗ್ಸಿ, ತಿರುಗ್ಸಿ ಹಿಡ್ಕೊಳ್ಳಿ!”

ಹಿಡಿದರು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಎಂಜಿನ್ ಮೇಲೆ ಬಗ್ಗಿದೆ. ಆಗ ಕಂಡಿತು. ಎಂಜಿನ್ ತಣ್ಣಗಾಗುತ್ತಿದೆ, ಮಳೆ ಹನಿಗಳು ಕವರಿನ ಮೇಲೆ ಸುಮ್ಮನೆ ಜಾರುತ್ತಿವೆ. ಆದರೆ ಆಕ್ಸಿಲರೇಟರ್ ಕೇಬಲಿನ ಮೇಲೆ ಬಿದ್ದ ಹನಿ ಚುಂಯ್ ಎಂದು ಹಬೆಯಾಗಿ ಏಳುತ್ತಿತ್ತು. ಮುಟ್ಟಿದೆ. ಬೆರಳು ಸುಟ್ಟಿತು. ಪ್ಲಾಸ್ಟಿಕ್ ಸುಟ್ಟ ವಾಸನೆ.

“ಬಿಡಿ! ಕೀ ಬಿಡಿ!”

ಪೆಡಲಿನಿಂದ ಎಂಜಿನ್ನಿಗೆ ಹೋಗುವ ಬಡಪಾಯಿ ಉಕ್ಕಿನ ತಂತಿ ಅದು. ಅದಕ್ಕೂ ಕರೆಂಟಿಗೂ ಏನು ಸಂಬಂಧ? ಸೆಲ್ಫಿನ ಕರೆಂಟ್ ಅದರಲ್ಲಿ ಹರಿಯುತ್ತಿದೆ ಎಂದರೆ ಅದು ಹೋಗಬೇಕಾದ ದಾರಿ ಇಲ್ಲವಾಗಿದೆ. ಪ್ಲಸ್ ಕೇಬಲ್ಲನ್ನು ಎಲ್ಲರೂ ನೋಡುತ್ತಾರೆ. ಮೋಟರಿಗೆ ಹೋದ ಕರೆಂಟ್ ಬ್ಯಾಟರಿಗೆ ಮರಳಬೇಕಲ್ಲ, ಆ ಅರ್ಧ ದಾರಿಯನ್ನು ಯಾರೂ ನೆನೆಯುವುದಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗಿನ ಮೇಲೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಎಂಜಿನ್ನಿಗೂ ಬಾಡಿಗೂ ನಡುವೆ ಒಂದು ಅರ್ತ್ ಪಟ್ಟಿ ಇರುತ್ತದೆ. ಅದು ಹೋದರೆ ಕರೆಂಟ್ ಸಿಕ್ಕ ಸಿಕ್ಕ ತಂತಿ ಹಿಡಿದು ಮನೆಗೆ ಹೋಗಲು ನೋಡುತ್ತದೆ. ಸೊಲೆನಾಯ್ಡ್ ಟಕ್ ಅನ್ನಲು ಅಷ್ಟು ಸಾಕು. ಎಂಜಿನ್ ತಿರುಗಿಸಲು ಸಾಲದು. ಹೆಡ್‌ಲೈಟಿನ ಅರ್ತ್ ಬಾಡಿಗೇ ಇರುವುದರಿಂದ ಅದಕ್ಕೆ ಈ ಸಂಗತಿಯೇ ಗೊತ್ತಿಲ್ಲ, ಆರಾಮಾಗಿ ಉರಿಯುತ್ತಿದೆ.

“ಅರ್ತ್ ಹೋಗಿದೆ ಚಿಕ್ಕಪ್ಪ!”

“ಡಿಕ್ಕಿಯಲ್ಲಿ ಜಂಪರ್ ಕೇಬಲ್ ಇದ್ಯಲ್ಲ!”

ಇತ್ತು. ಅಷ್ಟು ಹೊತ್ತೂ ಅದು ನನ್ನ ಲೆಕ್ಕದಲ್ಲೇ ಇರಲಿಲ್ಲ; ಪಕ್ಕದಲ್ಲಿ ಇನ್ನೊಂದು ಗಾಡಿ ಇಲ್ಲದ ಮೇಲೆ ಜಂಪರ್ ಕೇಬಲ್ಲಿಗೆ ಏನು ಕೆಲಸ ಅಂತ. ಈಗ ಅದೇ ನಮಗೆ ಬೇಕಾದ ದಾರಿ. ಕಪ್ಪು ಕೇಬಲಿನ ಒಂದು ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿದೆ. ಇನ್ನೊಂದು ತುದಿಗೆ ಎಂಜಿನ್ ಮೇಲೆ ಬಣ್ಣವಿಲ್ಲದ, ಬರೀ ಲೋಹದ ಜಾಗ ಬೇಕು. ಎಂಜಿನ್ ಎತ್ತಲು ಕೊಟ್ಟ ಕೊಕ್ಕೆ ಸಿಕ್ಕಿತು. ಪಾನಾದಿಂದ ಕೆರೆದು ಕಚ್ಚಿಸಿದೆ.

“ತಿರುಗ್ಸಿ!”

ಗರ್… ರ್… ರ್… ನಿಂತಿತು.

ತಿರುಗಿತು! ಅರ್ಧ ಸುತ್ತೋ, ಒಂದು ಸುತ್ತೋ. ಆದರೆ ತಿರುಗಿತು. ಕೇಬಲ್ ಮುಟ್ಟಿದರೆ ಬೆಚ್ಚಗಿದೆ. ಅಗ್ಗದ ಕೇಬಲ್, ಮೇಲೆ ದಪ್ಪ ಪ್ಲಾಸ್ಟಿಕ್, ಒಳಗೆ ತೆಳ್ಳನೆ ತಾಮ್ರ. 100 ಆಂಪಿಯರನ್ನು ಒಂದೇ ಹೊರಲಾರದು. ಕೆಂಪು ಕೇಬಲ್ ಕೈಯಲ್ಲೇ ಇತ್ತು. ತಾಮ್ರಕ್ಕೆ ಬಣ್ಣದ ಹಂಗಿಲ್ಲ. ಅದನ್ನೂ ಮೈನಸ್ಸಿಗೇ ಕಚ್ಚಿಸಿ, ಇನ್ನೊಂದು ತುದಿಯನ್ನು ಗೇರ್‌ಬಾಕ್ಸಿನ ಬೋಲ್ಟಿಗೆ ಹಾಕಿದೆ. ಈಗ ದಾರಿ ಎರಡು, ಅಡ್ಡಿ ಅರ್ಧ. ಮೇಲಿನಿಂದ ಮಣ್ಣು ಈಗ ಬಿಡದೆ ಸುರಿಯುತ್ತಿತ್ತು, ಅದರ ಶಬ್ದದಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕೈ ಬೀಸಿದೆ. ಚಿಕ್ಕಪ್ಪ ಕೀ ತಿರುಗಿಸಿದರು.

ಗರ್‌ಗರ್‌ಗರ್… ಬುರ್‌ರ್‌ರ್!

ಹತ್ತಿಕೊಂಡಿತು!

ಕೇಬಲ್ಲುಗಳನ್ನು ಫ್ಯಾನಿಗೂ ಬೆಲ್ಟಿಗೂ ಸಿಗದ ಹಾಗೆ ಒಂದು ಬದಿಗೆ ಸುತ್ತಿ, ಕರವಸ್ತ್ರದಿಂದ ಕಟ್ಟಿ, ಬಾನೆಟ್ ಮುಚ್ಚಿ ಸೀಟಿಗೆ ಹಾರಿದೆ. ಚಕ್ರದ ಕಲ್ಲು ತೆಗೆಯಬೇಕಿಲ್ಲ, ಮುಂದಕ್ಕೇ ಹೋಗುವುದು. ಆಕ್ಸಿಲರೇಟರ್ ತುಳಿದರೆ ಪೆಡಲ್ ಜಗ್ಗದು. ಕೇಬಲಿನ ಒಳಗಿನ ಪ್ಲಾಸ್ಟಿಕ್ ಕರಗಿ ತಂತಿ ಹಿಡಿದುಕೊಂಡಿತ್ತು. ಒತ್ತಿ ತುಳಿದೆ. ಕಿತ್ತುಕೊಂಡು ಒಮ್ಮೆಲೇ ರೇಸ್ ಆಯಿತು. ಕ್ಲಚ್ಚಿನಲ್ಲೇ ತಡೆದು ಹಿಡಿದು, ಬಿದ್ದ ಮಣ್ಣಿನ ಗುಪ್ಪೆಗೂ ಕಣಿವೆಯ ತಡೆಗೋಡೆಗೂ ನಡುವೆ ಗಾಡಿಯನ್ನು ತೂರಿಸಿದೆ. ಎಡಗಡೆ ಚಕ್ರ ಗುಪ್ಪೆಯ ಮೇಲೆ ಹತ್ತಿ ಗಾಡಿ ಬಲಕ್ಕೆ ವಾಲಿತು. ಚಿಕ್ಕಪ್ಪ ಡ್ಯಾಶ್‌ಬೋರ್ಡಿಗೆ ಎರಡೂ ಕೈ ಕೊಟ್ಟು, ಆಪರೇಷನ್ ಆದ ಕಾಲನ್ನು ಬಿಗಿ ಹಿಡಿದು, ಹಲ್ಲು ಕಚ್ಚಿ ಕೂತಿದ್ದರು. “ಬಿಡಬೇಡ, ಬಿಡಬೇಡ, ಹೋಗು!” ಚಕ್ರ ಜಾರಿತು, ಕಚ್ಚಿತು, ದಾಟಿತು. ಹಿಂದೆ ಏನೋ ದೊಡ್ಡದು ಬಿದ್ದ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ.

ಕೊಟ್ಟಿಗೆಹಾರದ ಅಂಗಡಿಗಳ ದೀಪ ಕಾಣುವವರೆಗೆ ಮಾತಿಲ್ಲ. ಅಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿದ್ದಂತೆಯೇ ಚೆಕ್‌ಪೋಸ್ಟಿಗೆ ಸುದ್ದಿ ಮುಟ್ಟಿಸಿದೆ. ಕೆಳಗಿನಿಂದ ಇನ್ನು ಯಾರೂ ಹತ್ತಿ ಬರಬಾರದಿತ್ತು. ಮೂಡಿಗೆರೆಯ ಮನೆಯಂಗಳದವರೆಗೂ ಎಂಜಿನ್ ಆಫ್ ಮಾಡಲಿಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಗಾಡಿಯ ಅಡಿಗೆ ತೂರಿ ಅರ್ತ್ ಪಟ್ಟಿ ಬಿಚ್ಚಿ ತಂದ. ಹೆಣೆದ ತಾಮ್ರದ ಪಟ್ಟಿ. ಬಾಡಿಗೆ ಬೋಲ್ಟ್ ಮಾಡಿದ ತುದಿಯಲ್ಲಿ ಹಸಿರು ಕಿಲುಬು ಹಿಡಿದು, ಎಳೆಗಳೆಲ್ಲ ಪುಡಿಯಾಗಿ, ಉಳಿದಿದ್ದ ಮೂರು ನಾಲ್ಕು ಎಳೆಗಳೂ ಕರಕಲಾಗಿ ತುಂಡಾಗಿದ್ದವು. ಹೊಸ ಪಟ್ಟಿ ಹಾಕುವ ಮೊದಲು ಬಾಡಿಯ ಬಣ್ಣವನ್ನು ಎಮರಿ ಪೇಪರಿನಿಂದ ಉಜ್ಜಿ, ಉಕ್ಕು ಬೆಳ್ಳಗೆ ಕಂಡ ಮೇಲೇ ಬೋಲ್ಟ್ ಬಿಗಿದು ಗ್ರೀಸ್ ಬಳಿದ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಯಲು ಹೇಳಿದ. 0.1 ವೋಲ್ಟ್. 0.2ರ ಆಚೆ ಹೋದರೆ ಮಾತ್ರ ಚಿಂತೆ ಮಾಡಬೇಕು ಅಂದ. ಆಕ್ಸಿಲರೇಟರ್ ಕೇಬಲ್ ಹೊರಗೆಳೆದಾಗ ಒಳಪದರ ಕಪ್ಪಗೆ ಕರಗಿ ತಂತಿಗೆ ಅಂಟಿತ್ತು. ಅದನ್ನೂ ಬದಲಾಯಿಸಿದ.

ಚಿಕ್ಕಪ್ಪ ವಾಕರ್ ಹಿಡಿದು ಅಂಗಳಕ್ಕೆ ಬಂದು ಎಲ್ಲವನ್ನೂ ನಿಂತು ನೋಡಿದರು. ಕಿಲುಬು ಹಿಡಿದ ಪಟ್ಟಿಯನ್ನು ಬೆರಳಲ್ಲಿ ಉಜ್ಜಿದರು. ಆಮೇಲೆ ಬ್ಯಾಟರಿಯ ಮೈನಸ್ಸಿನಿಂದ ನೇರ ಗೇರ್‌ಬಾಕ್ಸಿಗೆ ಇನ್ನೊಂದು ದಪ್ಪ ಪಟ್ಟಿ ಹಾಕಿಸಿದ ಮೇಲೇ ಮೆಕ್ಯಾನಿಕ್ಕನನ್ನು ಕಾಫಿಗೆ ಕರೆದರು.