ಮಗನ ಬುಲೆಟ್ಟು

ರನ್ನ ಬೆಳಗಲಿಯ ನಮ್ಮ ಮನೆಯಂಗಳದಲ್ಲಿ ಮಗ ಹಳೆಯ ಬುಲೆಟ್ಟಿನ ಎಂಜಿನ್ ಬಿಚ್ಚಿ ಕೂತಿದ್ದ. ವಾಲ್ವು ತೀಡಿದರೆ ಓಟ ಹೆಚ್ಚುತ್ತದಂತೆ! ನಮ್ಮವರು ಕಬ್ಬಿನ ಟ್ರೇಲರಿಗೆ ಬಡಿದು ತೀರಿಕೊಂಡ ರಸ್ತೆಯಲ್ಲೇ ಇವನ ಓಡಾಟ.

"ನಿಮ್ಮಪ್ಪನ ಯೆಜ್ಡಿಗೆ ಇದೆಲ್ಲಾ ಬೇಕಾಗಿರಲಿಲ್ಲಲ್ಲೋ" ಎಂದೆ.

"ಅದು ಟೂ ಸ್ಟ್ರೋಕ್ ಯವ್ವಾ, ಅದಕ್ಕ ವಾಲ್ವ ಇರಲಿಲ್ಲ" ಎಂದು ನಕ್ಕ. 1996ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯ ಗಾಡಿ ಅದು. ಪಿಸ್ಟನ್ನೇ ಏರಿಳಿಯುತ್ತ ಕಿಂಡಿಗಳನ್ನು ತೆರೆದು ಮುಚ್ಚುತ್ತಿತ್ತಂತೆ.

ನಾಯಿಕೊಡೆಯಂಥ ವಾಲ್ವಿನ ಅಂಚಿಗೆ ಮರಳುಮರಳಾದ ಪೇಸ್ಟು ಹಚ್ಚಿ, ಕೋಲು ಅಂಟಿಸಿ, ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿದ. ಸರಿಯಾಗಿ ಕೂಡದಿದ್ದರೆ ಎಂಜಿನ್ನಿನ ಬಲವೆಲ್ಲ ಅಲ್ಲೇ ಸೋರುತ್ತದಂತೆ. ಬಳಿಕ ಕಿಂಡಿಗೆ ಸೀಮೆಎಣ್ಣೆ ಹೊಯ್ದು ಕಾದ. ನಾನೂ ಉತ್ತರ ಪತ್ರಿಕೆಗಳನ್ನು ಬದಿಗಿಟ್ಟು ಬಗ್ಗಿ ನೋಡಿದೆ. ಒಂದು ಹನಿಯೂ ಜಿನುಗಲಿಲ್ಲ.

"ಬ್ರೇಕ್ ನೋಡೀಯೇನು?" ಎಂದೆ.