ಇಳಿದ ನೀರಿನ ಮಟ್ಟ

ಮಹಾರಾಷ್ಟ್ರದ ಗಡಿಯ ಕನ್ನಡ ಹಳ್ಳಿ ಸಂಖದಲ್ಲಿ ನಾನು ಕಂಪೌಂಡರ್ ಕೆಲಸಕ್ಕೆ ನಿಂತಾಗ ಜತ್ತ ತಾಲೂಕಿನ ಎದೆರೋಗಿಗಳ ದಾರಿ ಮಿರಜದ ಕಡೆಗೇ. ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು 1894ರಲ್ಲಿ ಅಲ್ಲಿ ದವಾಖಾನೆ ಕಟ್ಟಿಸಿದ್ದರು. ಅವರ ಹೆಸರಿನ ವಾನ್ಲೆಸ್‌ವಾಡಿಯಲ್ಲಿ ಕ್ಷಯದವರ ಆಸ್ಪತ್ರೆ. ಹಿಂದೊಮ್ಮೆ ಕ್ಷಯಕ್ಕೆಂದು ಪಕ್ಕೆಲುಬು ತೆಗೆಸಿಕೊಂಡಿದ್ದ ಮುದುಕರು ನಮ್ಮ ಕಡೆ ಆಗ ಇನ್ನೂ ಇದ್ದರು. ಅಂಗಿ ಒಂದೇ ಭುಜದಿಂದ ಜಾರುತ್ತಿತ್ತು.

1988ರ ಬೇಸಿಗೆ. ಎಡ ಶ್ವಾಸಕೋಶ ಪೂರ್ತಿ ತೆಗೆಸಿಕೊಂಡ ರೈತನೊಬ್ಬ ಮನೆಗೆ ಬಂದು ವಾರವಾಗಿತ್ತು. ರಾತ್ರಿ ಅವನ ಹೆಂಡತಿ ಕರೆಯಲು ಬಂದಳು. "ಮಲಗಿದ್ರ ಸಾಕ್ರಿ, ಕೆಮ್ಮಿ ಕೆಮ್ಮಿ ಬಾಯಾಗ ಉಪ್ಪುಪ್ಪು ನೀರ ಬರತೈತಿ." ತಾಟಿನಲ್ಲಿ ನೋಡಿದೆ. ಕಫವಲ್ಲ, ಹಾಲಿಲ್ಲದ ಚಹಾದಂಥ ತೆಳು ನೀರು. ನಾನು ಕೆಮ್ಮಿನ ಔಷಧ ಕುಡಿಸಿ, ಹೊಲಿಗೆ ನೋಯಬಾರದೆಂದು ಬಲಮಗ್ಗುಲಿಗೆ ಹೊರಳಿಸಿದೆ. ಗಳಿಗೆಯಲ್ಲೇ ಅವನಿಗೆ ಉಸಿರು ಕಟ್ಟಿತು. ಗಾಬರಿಯಲ್ಲಿ ಎಬ್ಬಿಸಿ ಕೂರಿಸಿದೆ. ಮಿರಜಕ್ಕೆ ನೂರು ಕಿಲೋಮೀಟರ್ ಮೀರಿದ ದಾರಿ, ಜೀಪಿನಲ್ಲಿ ಕೂತೇ ಬಂದ.

ಡಾಕ್ಟರು ಮೊದಲು ಅವನನ್ನು ಎಡಮಗ್ಗುಲಿಗೆ ಒರಗಿಸಿದರು. ಎದೆಗೆ ನಳಿಗೆ ಹಾಕಿ ನೀರಿನ ಬಾಟಲಿಗೆ ಜೋಡಿಸಿದರು. ಕೆಮ್ಮಿದಾಗಲೆಲ್ಲ ಅದರಲ್ಲಿ ಗುಳ್ಳೆ. ಆಮೇಲೆ ನನಗೆ ಎರಡು ಎಕ್ಸ್‌ರೇ ತೋರಿಸಿದರು. ಶ್ವಾಸಕೋಶ ತೆಗೆದ ಜಾಗದಲ್ಲಿ ನೀರು ಮೆಲ್ಲಗೆ ತುಂಬಬೇಕು, ಮಟ್ಟ ಏರುತ್ತ ಹೋಗಬೇಕು. ಇಳಿಯಿತೆಂದರೆ ಒಳಗೆ ಹೊಲಿದ ಉಸಿರುನಾಳದ ಬಾಯಿ ಬಿಚ್ಚಿದೆ, ಆ ನೀರು ಉಳಿದ ಒಂದೇ ಶ್ವಾಸಕೋಶಕ್ಕೆ ಹರಿಯುತ್ತಿದೆ. "ಬಾವಿ ನೀರ ಇಳದ್ರ ಎಲ್ಲಿಗಿ ಹೋತು ಅಂತ ಕೇಳೂದಿಲ್ಲೇನು?" ಅಂದರು. ಬರದ ಸೀಮೆ ಜತ್ತದವನಿಗೆ ಆ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ರೋಗಿಯ ಆಸ್ಪತ್ರೆ ಕಾಗದದಲ್ಲೇ ಇತ್ತು, ಮರಾಠಿಯಲ್ಲಿ. ಅವನಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ನನಗೆ ಬರುತ್ತಿತ್ತು, ಕಾಗದ ಕೇಳಿರಲಿಲ್ಲ. ಮನುಷ್ಯ ಬದುಕಿದ, ತಿಂಗಳುಗಟ್ಟಲೆ ನಳಿಗೆ ಹೊತ್ತು.

ಈಗ ಕ್ಷಯ ಆರು ತಿಂಗಳ ಗುಳಿಗೆಯಲ್ಲೇ ವಾಸಿಯಾಗುತ್ತದೆ, ಎದೆ ಕೊಯ್ಯುವುದು ಅಪರೂಪ. ಕೊಯ್ದರೂ ಎಷ್ಟೋ ಸಲ ದುರ್ಬೀನಿನಲ್ಲಿ. 2014ರಿಂದ ನಮ್ಮಲ್ಲಿ 108 ಆಂಬುಲೆನ್ಸ್ ಗಾಡಿಯೂ ಇದೆ. ಅಪರೂಪವಾದದ್ದೇ ತೊಡಕು: ಇಂಥದ್ದನ್ನು ಕಣ್ಣಾರೆ ಕಂಡ ನರ್ಸುಗಳು ಹಳ್ಳಿಯಲ್ಲಿ ಸಿಗುವುದಿಲ್ಲ.

ದೊಡ್ಡ ಊರಿನ ಡಾಕ್ಟರರೇ, ಗಡಿಯ ರೋಗಿಯ ಕಾಗದದ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆಸಿ: ಕೆಮ್ಮಿನಲ್ಲಿ ಏಕಾಏಕಿ ನೀರು ಬಂದರೆ ಆಪರೇಷನ್ ಆದ ಮಗ್ಗುಲಿಗೇ ಒರಗಿಸಿ, ತಲೆ ಎತ್ತರದಲ್ಲಿಡಿ. ತಡಮಾಡದೆ ಗಾಡಿ ಕರೆಯಿರಿ.